ನಿಮಗಿದು ಗೊತ್ತೆ? ದ್ರವರೂಪದ ಲವಣ, ಔಷಧಕ್ಕೂ ದ್ರಾವಕ

ಅಡುಗೆ ಉಪ್ಪನ್ನು ಬರೀ ಶಾಖದಿಂದ ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಲವಣಕ್ಕಾದರೋ ಸುಮಾರು 12 ಡಿಗ್ರಿ ಸಾಕು! ಪಾಲ್ ವಾಲ್ಡನ್ 1914ರಲ್ಲೇ ಇದನ್ನು ಪ್ರಕಟಿಸಿದ್ದರು. 100 ಡಿಗ್ರಿಯೊಳಗೆ ಕರಗುವ ಇಂಥ ಲವಣಗಳೇ ಅಯಾನಿಕ್ ದ್ರವಗಳು.

ನೀರಿಗೆ ಜಗ್ಗದ ಹಲವು ಔಷಧಗಳು ಇವುಗಳಲ್ಲಿ ಕರಗುತ್ತವೆ. ಆಮೇಲೆ ತಣಿಸಿದರೆ, ಇಲ್ಲವೇ ಔಷಧವನ್ನು ಕರಗಿಸಿಕೊಳ್ಳದ ಇನ್ನೊಂದು ದ್ರವ ಬೆರೆಸಿದರೆ, ಔಷಧ ಹರಳುಗಟ್ಟಿ ಹೊರಬರುತ್ತದೆ. ಕಲ್ಮಶ ದ್ರಾವಣದಲ್ಲೇ ಉಳಿಯುತ್ತದೆ. ಪೆಟ್ರೋಲಿನಂತೆ ಆವಿಯಾಗಿ ಹಾರಿಹೋಗದ ಕಾರಣ ದ್ರವವನ್ನು ಮತ್ತೆ ಬಳಸಬಹುದು.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಔಷಧವೇ ಅಯಾನಿಕ್ ದ್ರವವಾಗುವುದು. ಮರಗಟ್ಟಿಸುವ ಲಿಡೊಕೇನ್ ಹೈಡ್ರೋಕ್ಲೋರೈಡ್ ಬಿಳಿ ಪುಡಿ. ಮಲಬದ್ಧತೆಗೆ ಕೊಡುವ ಡೊಕ್ಯುಸೇಟ್ ಸೋಡಿಯಂ ಮೇಣದಂಥ ಘನ. ಅಮೆರಿಕದ ರಾಬಿನ್ ರೋಜರ್ಸ್ ತಂಡ ಇವೆರಡರ ಅಯಾನುಗಳನ್ನು ಅದಲುಬದಲು ಮಾಡಿತು. ಅಡುಗೆ ಉಪ್ಪು ಬೇರೆಯಾಯಿತು, ಉಳಿದದ್ದು ಕೋಣೆಯ ಉಷ್ಣತೆಯಲ್ಲೇ ದ್ರವವಾಗಿರುವ ಲಿಡೊಕೇನ್ ಡೊಕ್ಯುಸೇಟ್. 2007ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ, ಇಲಿಗಳಿಗೆ ಹಚ್ಚಿದಾಗ ನೋವುಶಮನ ಹೆಚ್ಚು ಹೊತ್ತು ಉಳಿಯಿತು.

ಆವಿಯಾಗಿ ಹಾರಿಹೋಗದ ಗುಣದಿಂದ ಅಯಾನಿಕ್ ದ್ರವಗಳಿಗೆ ಸಿಕ್ಕ ‘ಹಸಿರು ದ್ರಾವಕ’ ಎಂಬ ಬಿರುದನ್ನು ಮಾತ್ರ ಕಣ್ಣುಮುಚ್ಚಿ ನಂಬುವಂತಿಲ್ಲ. ಹೆಕ್ಸಾಫ್ಲೋರೋಫಾಸ್ಫೇಟ್ ಇರುವಂಥವು ನೀರು ತಗುಲಿ ಒಡೆದರೆ ಗಾಜನ್ನೇ ಕೊರೆಯುವ ಹೈಡ್ರೋಜನ್ ಫ್ಲೋರೈಡ್ ಹುಟ್ಟಬಹುದು.