ಮೊದಲು ಸತ್ತವನ ಕಥೆ

ರಜೆಗೆಂದು ಗಿರಿನಗರದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ಟಿ.ವಿ. ಮುಂದೆ ಕುಳಿತು ಆಟವಾಡುತ್ತಿದ್ದ. ತೆರೆಯ ಮೇಲೆ ಬಿಳಿಗೂದಲಿನ ಗಂಡಸೊಬ್ಬ ಕಾಣಿಸಿಕೊಂಡ. ಯಾರೋ ಇವನು ಎಂದೆ. 'ಆಡಮ್, ಮಾವ' ಎಂದ. ಬೈಬಲಿನ ಆದಾಮನೇ? ಹೆಸರಷ್ಟೇ ಅವನದು.

ಆಟದ ಹೆಸರು 'ನಿಯರ್: ಆಟೊಮೇಟಾ'. ಜಪಾನಿನ ಯೋಕೊ ತಾರೊ ನಿರ್ದೇಶಿಸಿದ್ದು, 2017ರಲ್ಲಿ ಬಂದದ್ದು. ಕಥೆಯ ಕಾಲ ಕ್ರಿ.ಶ. 11945. ಅನ್ಯಗ್ರಹದವರು ತಂದ ಯಂತ್ರಗಳು ಭೂಮಿಯನ್ನು ಆಕ್ರಮಿಸಿವೆ. ಆ ಯಂತ್ರಗಳೆಲ್ಲ ಒಂದೆಡೆ ಸೇರಿ ಹೆತ್ತ ಮನುಷ್ಯರೂಪಿಯೇ ಈ ಆಡಮ್. ಗಾಯಗೊಂಡ ಅವನ ಒಡಲಿನಿಂದ ಹೊರಬರುವ ಈವ್ ಹೆಣ್ಣಲ್ಲ, ತಮ್ಮ!

ಹೀಬ್ರೂ ಭಾಷೆಯಲ್ಲಿ 'ಅದಾಮಾ' ಎಂದರೆ ಮಣ್ಣು. ಮಣ್ಣಿನಿಂದಾದ ಆದಾಮನಿಗೆ ಸಾವು ಶಿಕ್ಷೆಯಾಗಿ ಬಂತು. ಯಂತ್ರದ ಆಡಮನಿಗೆ ಅದೇ ಬೇಕು. ಮನುಷ್ಯರನ್ನು ಅರಿಯುವ ಹಂಬಲ ಅವನದು. ಸಾಯದವನಿಗೆ ಅದು ಹೇಗೆ ಸಾಧ್ಯ? ತನ್ನನ್ನು ಕಾಯುವ ಯಂತ್ರಜಾಲದ ನಂಟನ್ನು ತಾನೇ ಕಡಿದುಕೊಂಡು ಹೋರಾಡಿ ಸಾಯುತ್ತಾನೆ.

ನಮ್ಮಲ್ಲಿ ಮೊದಲ ಮನುಷ್ಯ ಯಾರೆಂದರೆ ಮನು ಎನ್ನುತ್ತೇವೆ. 'ಮನುಷ್ಯ' ಎಂಬ ಮಾತೇ ಅವನಿಂದ ಬಂದದ್ದು. ಮೀನಿನ ಕೊಂಬಿಗೆ ನಾವೆ ಕಟ್ಟಿ ಪ್ರಳಯದಲ್ಲಿ ಉಳಿದವನು. ಅವನಿಗೊಬ್ಬ ಸೋದರನುಂಟು, ಯಮ. ಇಬ್ಬರೂ ವಿವಸ್ವಂತನ ಮಕ್ಕಳು. ಕೋಣನೇರಿ ಪಾಶ ಹಿಡಿದು ಬರುವ ಯಮ, ಪಂಚಾಂಗದ ಯಮಗಂಡಕಾಲದ ಯಮ, ಇವೆಲ್ಲ ಆಮೇಲಿನ ಮಾತು. ಅಥರ್ವವೇದದಲ್ಲಿ ಅವನು ಮರ್ತ್ಯರಲ್ಲಿ ಮೊದಲು ಸತ್ತವನು. ಋಗ್ವೇದದಲ್ಲಿ ಪರಲೋಕದ ದಾರಿಯನ್ನು ಮೊದಲು ಕಂಡವನು. ಆಡಮ್ ಬಯಸಿದ್ದು ಈ ಪಟ್ಟವನ್ನೇ ಅಲ್ಲವೆ?

ಯಮನಿಗೆ ಯಮಿಯೆಂಬ ಅವಳಿ ಸೋದರಿ. ಸಂತಾನಕ್ಕಾಗಿ ಅವಳು ಅವನನ್ನು ಬಯಸುವುದೂ, ಒಡಹುಟ್ಟಿದವಳೆಂದು ಅವನು ಒಲ್ಲೆನೆನ್ನುವುದೂ ಋಗ್ವೇದದ ಪ್ರಸಿದ್ಧ ಸಂವಾದ. (ಭೈರಪ್ಪನವರ 'ಯಾನ'ದಲ್ಲಿ, 2014, ಅಂತರಿಕ್ಷ ನೌಕೆಯಲ್ಲಿ ಬೆಳೆದ ಆಕಾಶ-ಮೇದಿನಿಯರ ಮುಂದೆಯೂ ಇದೇ ಪ್ರಶ್ನೆ.) ಯಮಿಯನ್ನೇ ಯಮುನೆಯೆಂದು ಕಂಡು, ಯಮದ್ವಿತೀಯೆಯಂದು ಅಕ್ಕತಂಗಿಯರ ಮನೆಯಲ್ಲಿ ಉಣ್ಣುವ ಪದ್ಧತಿಗೆ ಈ ಜೋಡಿಯ ಕಥೆಯನ್ನೇ ಹೇಳುತ್ತಾರೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಮೈತ್ರಾಯಣೀ ಸಂಹಿತೆಯ ಪುಟ್ಟ ಕಥೆ. ಯಮ ಸತ್ತ. ದೇವತೆಗಳು ಯಮಿಯನ್ನು ಸಮಾಧಾನಪಡಿಸಲು ಹೋದರು. ಎಷ್ಟು ಸಲ ಕೇಳಿದರೂ ಅವಳದು ಒಂದೇ ಮಾತು: ಅವನು ಇವತ್ತು ತೀರಿಕೊಂಡ. ಆಗ ಇದ್ದದ್ದು ಬರೀ ಹಗಲು. ಹಗಲು ಕಳೆಯದೆ ಇವತ್ತು ನಿನ್ನೆಯಾಗುವುದಾದರೂ ಹೇಗೆ? ದೇವತೆಗಳು ಇರುಳನ್ನು ಸೃಷ್ಟಿಸಿದರು. ಬೆಳಗಾಯಿತು. ಯಮಿ ಮರೆತಳು.

ಆಟದ ಈವನಿಗೆ ಅಂಥ ಇರುಳಿಲ್ಲ. ಅಣ್ಣ ಸತ್ತ ಮೇಲೆ ಅವನ ದುಃಖ ಹುಚ್ಚಾಗಿ, ಅವನ ಕೈಕೆಳಗಿನ ಯಂತ್ರಗಳೆಲ್ಲ ಕೆರಳಿ ನಿಲ್ಲುತ್ತವೆ. ಅವನನ್ನು ಕೊಂದಾಗಲೇ ಆಟದ ಮೊದಲ ಸುತ್ತು ಮುಗಿಯುವುದು. ಹುಡುಗ ಅಂದು ಅಲ್ಲಿಯವರೆಗೆ ಬಂದು, 'ಪಾಪ ಮಾವ' ಎಂದು ಗುಂಡಿ ಅದುಮದೆ ಸುಮ್ಮನೆ ಕುಳಿತಿದ್ದ.