ನನ್ನಾರಿ ಸಿರಪ್ ಕೆಡುವುದೇಕೆ?

ಪ್ರಶ್ನೆ: ಚೆನ್ನೈನ ಸೆಕೆಯಲ್ಲಿ ಮನೆಯಲ್ಲೇ ಮಾಡಿದ ನನ್ನಾರಿ ಸಿರಪ್ ಬೇಗನೆ ಹುಳಿ ವಾಸನೆ ಹೊಡೆಯುತ್ತದೆ. ಪ್ರಿಸರ್ವೇಟಿವ್ ಇಲ್ಲದೆ ಉಳಿಸಬಹುದೇ?

ಉತ್ತರ: ಉಳಿಸಬಹುದು. ಆದರೆ ದೂರಬೇಕಾದದ್ದು ಸೆಕೆಯನ್ನಲ್ಲ, ಸಕ್ಕರೆಯ ಅಳತೆಯನ್ನು. ಕಾಕ್‌ಟೇಲ್ ಪುಸ್ತಕಗಳ ಸರಳ ಸಿರಪ್‌ನಲ್ಲಿ ಸಕ್ಕರೆ, ನೀರು ಸಮಸಮ. ಅಂದರೆ ಸಕ್ಕರೆ ಶೇ. 50. ಯೀಸ್ಟ್‌ಗೆ ಅಷ್ಟು ನೀರು ಧಾರಾಳವಾಯಿತು. ಅರ್ಧ ಕಿಲೋ ನೀರಿಗೆ ಒಂದು ಕಿಲೋ ಸಕ್ಕರೆ ಹಾಕಿದರೆ ಪ್ರಮಾಣ ಶೇ. 66 ದಾಟುತ್ತದೆ, ಉಳಿದ ನೀರನ್ನು ಸಕ್ಕರೆಯೇ ಹಿಡಿದಿಟ್ಟುಕೊಳ್ಳುವುದರಿಂದ ಹೆಚ್ಚಿನ ಸೂಕ್ಷ್ಮಜೀವಿಗಳು ಬೆಳೆಯಲಾರವು. ಅಷ್ಟು ಸಿಹಿ ಯಾರು ಕುಡಿಯುತ್ತಾರೆ ಎನ್ನಬಹುದು. ಲೋಟಕ್ಕೆ ಹಾಕುವುದನ್ನು ಕಡಿಮೆ ಮಾಡಿದರಾಯಿತು. ಸೋಡಾ, ರಮ್, ಶರಬತ್ತು ಯಾವುದಕ್ಕಾದರೂ ಲೆಕ್ಕ ಒಂದೇ.

ಇನ್ನು, ಚೆನ್ನಾಗಿ ಕುದಿಸಿಬಿಟ್ಟರೆ ಸಾಲದೇ ಎಂಬ ವಾದ. ನನ್ನಾರಿ ಎಂದರೆ ನಮ್ಮ ಸೊಗದೆ ಬೇರು. ಅದರ ಪರಿಮಳ ಕೊಡುವ ವಸ್ತು ವೆನಿಲಾದ ವೆನಿಲಿನ್‌ಗೆ ಹತ್ತಿರದ ನೆಂಟ, ಹಬೆಯೊಡನೆ ಹಾರಿಹೋಗುವಂಥದ್ದು. ಹಾಗಾಗಿ ಬೇರನ್ನು ಜಜ್ಜಿ, ಒಳಗಿನ ಕಡ್ಡಿ ತೆಗೆದು, ತೊಗಟೆಯನ್ನು ಮಾತ್ರ ಬಿಸಿನೀರಿನಲ್ಲಿ ಮುಚ್ಚಿ ನೆನೆಸಿ, ಸೋಸಿ. ಸಕ್ಕರೆ ಹಾಕಿದ ಮೇಲೆ ಒಂದೇ ಕುದಿ ಸಾಕು. ಗಂಟೆಗಟ್ಟಲೆ ಕುದಿಸಿದರೆ ಕೈಗೆ ಸಿಗುವುದು ಬರೀ ಕಂದು ಬಣ್ಣ. ನಿಂಬೆರಸವನ್ನು ಬಾಟಲಿಗೆ ಬೆರೆಸಬೇಡಿ, ಪಾಕ ತೆಳುವಾಗುತ್ತದೆ, ಲೋಟಕ್ಕೇ ಹಿಂಡಿ. ಬಿಸಿ ಪಾಕಕ್ಕೆ ಮುಚ್ಚಳ ಬಿಗಿದರೆ ಬೆವರಿದ ಹನಿಗಳು ಮೇಲ್ಪದರವನ್ನು ತೆಳುವಾಗಿಸುತ್ತವೆ. ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ, ಫ್ರಿಜ್‌ನಲ್ಲಿಡಿ. ನೊರೆ ಕಂಡರೆ ಮುಲಾಜಿಲ್ಲದೆ ಚೆಲ್ಲಿ.