ಒಂದು ಕ್ರಾಸು, ಹಲವು ದಾರಿ

ಬೆಂಗಳೂರಿನಲ್ಲಿ ಜಯನಗರಕ್ಕೆ ಹೊಂದಿಕೊಂಡಿರುವ ತಿಲಕ್ ನಗರದಲ್ಲಿ ಮನೆ ಹುಡುಕಿ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ, “ಎಷ್ಟನೆಯ ಮೈನು, ಎಷ್ಟನೆಯ ಕ್ರಾಸು?” ಎಂಬುದು. ಹಿರಿಯ ಬೀದಿ ಮೈನು; ಅದನ್ನು ಅಡ್ಡಲಾಗಿ ಸೇರುವುದು ಕ್ರಾಸು. ಫಲಕದ ಮೇಲೆ ‘ಅಡ್ಡರಸ್ತೆ’ ಎಂದು ಬರೆದಿದ್ದರೂ ಕನ್ನಡ, ತಮಿಳು, ಉರ್ದು ಆಡುವ ನೆರೆಹೊರೆಯವರೆಲ್ಲರ ಬಾಯಲ್ಲಿ ನೆಲೆಸಿರುವುದು ಕ್ರಾಸೇ.

ನಗರದ ಎಲ್ಲೆ ದಾಟಿದೊಡನೆ ಈ ಪದದ ಅರ್ಥವೂ ಬದಲಾಗುತ್ತದೆ. ಬೆಳ್ಳೂರು ಕ್ರಾಸ್, ಕಿಬ್ಬನಹಳ್ಳಿ ಕ್ರಾಸ್ ಎನ್ನುವಲ್ಲಿ ಅದು ಬೀದಿಯಲ್ಲ. ದಾರಿಗಳು ಕೂಡುವ, ಪ್ರಯಾಣಿಕರು ಬಸ್ಸಿಳಿಯುವ ಸ್ಥಳ. ಹಾಲು ಕರೆಯುವವನಿಗೆ ‘ಕ್ರಾಸ್ ಹಸು’ವೆಂದರೆ ಮಿಶ್ರತಳಿಯ ಹಸು. ಇಷ್ಟರಲ್ಲಿ ತಪ್ಪು ತಿಳಿದರೂ ಹೆಚ್ಚಿನ ನಷ್ಟವಿಲ್ಲ.

ಆದರೆ ನ್ಯಾಯಾಲಯದ ಮಾತೇ ಬೇರೆ. “ನಾಳೆ ನಿಮ್ಮ ಕ್ರಾಸ್ ಇದೆ” ಎಂದು ವಕೀಲರು ಹೇಳಿದರೆ, ಎದುರು ಪಕ್ಷದವರು ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಪಡಿಸುವರೆಂದರ್ಥ. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ಕ್ರಮ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಅರ್ಥವರಿಯದೆ ಕಟಕಟೆ ಏರಿದವನು ಸತ್ಯ ನುಡಿಯುವಾಗಲೂ ತಡವರಿಸಬಹುದು.

ಬ್ಯಾಂಕಿನಲ್ಲಿ ‘ಚೆಕ್ಕನ್ನು ಕ್ರಾಸ್ ಮಾಡಿ’ ಎಂದರೆ, ಬರೆದುದನ್ನು ಹೊಡೆದುಹಾಕಿ ಎಂದಲ್ಲ. ಅದರ ಮುಖದ ಮೇಲೆ ಎರಡು ಸಮಾನಾಂತರ ಗೆರೆಗಳನ್ನು ಓರೆಯಾಗಿ ಎಳೆಯಿರಿ ಎಂದು. 1881ರ ಕಾಯಿದೆಯಂತೆ ಇಂಥ ಚೆಕ್ಕಿನ ಹಣವನ್ನು ಗಲ್ಲಾದಲ್ಲಿ ನೇರವಾಗಿ ಕೈಗೆ ಕೊಡುವಂತಿಲ್ಲ. ಅದು ಬ್ಯಾಂಕಿನ ಮೂಲಕವೇ ಸಲ್ಲಬೇಕು. ಚೆಕ್ಕು ಕಳ್ಳನ ಕೈ ಸೇರಿದರೂ ಆ ಎರಡು ಗೆರೆಗಳು ಹಣಕ್ಕೆ ಕಾವಲು.

ಆಸ್ಪತ್ರೆಯಲ್ಲಿ ಈ ಪದದ ತೂಕ ಇನ್ನೂ ಹೆಚ್ಚು. ರಕ್ತ ಕೊಡುವ ಮೊದಲು ರೋಗಿಯ ರಕ್ತದ್ರವದೊಡನೆ ದಾನಿಯ ಕೆಂಪು ಕಣಗಳನ್ನು ಬೆರೆಸಿ ನೋಡುವ ಪರೀಕ್ಷೆಯೇ ‘ಕ್ರಾಸ್ ಮ್ಯಾಚ್’. ಕಣಗಳು ಗುಂಪುಗೂಡಿದರೆ ಆ ರಕ್ತ ಸಲ್ಲದು. ಕೊಟ್ಟರೆ ಪ್ರಾಣಕ್ಕೇ ಅಪಾಯ. “ಮ್ಯಾಚ್ ಆಗಲಿಲ್ಲ” ಎಂಬ ಮಾತನ್ನು ಕೇಳಿ ಹೊರಗೆ ಕುಳಿತ ತಾಯಿಗೆ, ಬೇರೆ ರಕ್ತವನ್ನು ಹುಡುಕಬೇಕಾಗಿದೆಯೆ ಅಥವಾ ಆಸೆಯನ್ನೇ ಬಿಡಬೇಕೆ ಎಂಬುದು ಹೇಗೆ ತಿಳಿಯಬೇಕು?

ಪರಭಾಷೆಯ ಪದವನ್ನು ಬರಮಾಡಿಕೊಳ್ಳುವುದು ಕನ್ನಡಕ್ಕೆ ಹೊಸದಲ್ಲ. ‘ಸವಾಲು’ ಅರಬ್ಬಿಯಿಂದ ಬಂದುದು. ಕ್ರೈಸ್ತರ ಕ್ರಾಸಿಗೆ ನಾವು ಹೇಳುವ ‘ಶಿಲುಬೆ’ಯ ಮೂಲ ಸಿರಿಯಾಕ್ ಭಾಷೆ. ಬಂದ ಪದದ ಎಲ್ಲ ಅರ್ಥಗಳನ್ನೂ ನಾವು ಇಟ್ಟುಕೊಂಡೂ ಇಲ್ಲ: ಇಂಗ್ಲಿಷರ ಕ್ರಾಸಿಗೆ ‘ಸಿಡುಕು’ ಎಂಬ ಅರ್ಥವೂ ಉಂಟು, ಅದು ನಮ್ಮಲ್ಲಿ ನೆಲೆಯೂರಲಿಲ್ಲ. ಆದುದರಿಂದ ಬೀದಿಯ ಕ್ರಾಸು ಬೀದಿಯಲ್ಲಿ ಸುಖವಾಗಿರಲಿ. ಕಟಕಟೆ, ಗಲ್ಲಾ, ರೋಗಿಯ ಹಾಸಿಗೆಗಳ ಬಳಿ ಮಾತ್ರ ತಿಳಿದವರು ಆ ಪದವನ್ನಾಡಿ ಸುಮ್ಮನಾಗದೆ, ಒಂದು ವಾಕ್ಯ ಕನ್ನಡದಲ್ಲಿ ಬಿಡಿಸಿ ಹೇಳಬೇಕು.